ಫ್ರಾಂಕ್ಲಿನ್ ಅವರ ಕಿರುಪುಸ್ತಕ

ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ 1706ರಲ್ಲಿ ಬಾಸ್ಟನ್ ನಗರದಲ್ಲಿ ಮೇಣದಬತ್ತಿ, ಸಾಬೂನು ತಯಾರಿಸುವವರ ಮಗನಾಗಿ ಜನಿಸಿದರು. ಹತ್ತನೆಯ ವಯಸ್ಸಿಗೇ ಶಾಲೆ ಬಿಟ್ಟು, ಹನ್ನೆರಡಕ್ಕೆ ಅಣ್ಣನ ಮುದ್ರಣಾಲಯ ಸೇರಿದರು. ಯೌವನದಲ್ಲಿ, ತಾವು ಹೇಗೆ ಬಾಳಬೇಕೆಂದು ತಾವೇ ಬರೆದಿಟ್ಟುಕೊಂಡರು: ಮೌನ, ಕ್ರಮ, ದುಡಿಮೆ, ನ್ಯಾಯ ಮೊದಲಾದ 13 ಗುಣಗಳು. ಕಿರುಪುಸ್ತಕದಲ್ಲಿ ಗೆರೆ ಎಳೆದು, ತಪ್ಪಿದ ದಿನ ಕಪ್ಪು ಚುಕ್ಕೆ ಇಡುತ್ತಿದ್ದರು. ವಾರಕ್ಕೊಂದು ಗುಣದ ಮೇಲೆ ವಿಶೇಷ ನಿಗಾ. ವರ್ಷಕ್ಕೆ 4 ಸುತ್ತು.

ಕ್ರಮ ಅವರಿಗೆ ಕೊನೆಗೂ ಒಲಿಯಲಿಲ್ಲ. ನ್ಯಾಯವೆಂದು ಬರೆದವರ ಮನೆಯಲ್ಲೇ ಗುಲಾಮರಿದ್ದರು. ಆದರೆ 1790ರಲ್ಲಿ, 84ನೆಯ ವಯಸ್ಸಿನಲ್ಲಿ, ಗುಲಾಮಗಿರಿ ನಿಲ್ಲಬೇಕೆಂಬ ಮನವಿಗೆ ಸಹಿ ಹಾಕಿ ಅಮೆರಿಕದ ಸಂಸತ್ತಿಗೆ ಕಳಿಸಿದರು. ಅದೇ ವರ್ಷ ತೀರಿಕೊಂಡರು.

ನಮ್ಮ ಶಾಲೆಯ ಮಕ್ಕಳೂ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಇಂಥದೊಂದು ಪಟ್ಟಿ ಬರೆದುಕೊಂಡು, ದಿನವೂ ತೆರೆದು ನೋಡಲಿ.