ಮುರ್ನಾವ್ ಮತ್ತು ಅವನ ರಕ್ತಪಿಶಾಚಿ

ದುಂಡಸಿಯ ನಮ್ಮ ಹಳೆಯ ಮನೆಯ ಪಡಸಾಲೆಯಲ್ಲಿ ಅಜ್ಜಿ ಹೇಳುತ್ತಿದ್ದ ಕಥೆಗಳಲ್ಲಿ ದೆವ್ವ ಬೇತಾಳಗಳಿಗೆ ಕೊರತೆಯಿರಲಿಲ್ಲ. ಆದರೆ ಮಕ್ಕಳಾದ ನಮಗೆ ನಿಜವಾಗಿ ಭಯವಾಗುತ್ತಿದ್ದುದು ಇಲಿಗಳ ಮಾತು ಬಂದಾಗ. 1898ರಲ್ಲಿ ಹುಬ್ಬಳ್ಳಿ ಧಾರವಾಡಗಳ ಸುತ್ತ ಪ್ಲೇಗು ಹಬ್ಬಿದಾಗ ಅಜ್ಜಿ ಎಂಟು ವರ್ಷದ ಹುಡುಗಿ. ಜಂತಿಯಿಂದ ಒಂದು ಇಲಿ ಸತ್ತು ಬಿದ್ದಿತೆಂದರೆ ಮನೆಗೆ ಬೀಗ ಹಾಕಿ, ಹೊಲದಲ್ಲಿ ಗುಡಿಸಲು ಕಟ್ಟಿಕೊಳ್ಳುತ್ತಿದ್ದರಂತೆ. ರೋಗ ಹೊಕ್ಕ ಮನೆಯ ಕದದ ಮೇಲೆ ಗುರುತು ಹಾಕುತ್ತಿದ್ದರಂತೆ. ಇದನ್ನೆಲ್ಲ ಅವಳು ಮಳೆಬೆಳೆಯ ಮಾತಿನಂತೆ ಸಹಜವಾಗಿ ಹೇಳುವಳು.

ಮುಂದೆ ಧಾರವಾಡದಲ್ಲಿ ಓದುತ್ತಿದ್ದಾಗ ಒಂದು ಸಂಜೆ, ‘ನೊಸ್ಫೆರಾಟು’ ಎಂಬ ಜರ್ಮನ್ ಮೂಕಚಿತ್ರವನ್ನು ಕಂಡೆ. ರಕ್ತಪಿಶಾಚಿಯ ಚಿತ್ರಗಳಲ್ಲಿ ಇಂದಿಗೆ ಉಳಿದಿರುವ ಅತ್ಯಂತ ಹಳೆಯವುಗಳಲ್ಲಿ ಅದೊಂದು. ಬಿಸಿಲಿಗೆ ಅಂಜಬೇಕಾದ ಪಿಶಾಚಿ, ಕಣ್ಣು ಕುಕ್ಕುವ ಹಗಲಿನಲ್ಲಿ, ತನ್ನ ಶವಪೆಟ್ಟಿಗೆಯನ್ನು ತಾನೇ ಕಂಕುಳಲ್ಲಿ ಹಿಡಿದು ಊರ ಬೀದಿಯಲ್ಲಿ ನಡೆಯುತ್ತಿತ್ತು. ಸಭೆ ಗೊಳ್ಳೆಂದು ನಕ್ಕಿತು, ನಾನೂ ನಕ್ಕೆ. ಆ ನಗೆಗೆ ನಾಚಿಕೊಳ್ಳುವ ಪ್ರಸಂಗ ಬಹುಕಾಲದ ಮೇಲೆ ಬಂದಿತು.

ಅದರ ನಿರ್ದೇಶಕ ಮುರ್ನಾವ್ ಹುಟ್ಟಿದ್ದು 1888ರ ಡಿಸೆಂಬರ್ 28ರಂದು, ಬೀಲೆಫೆಲ್ಡ್ ಎಂಬ ಊರಿನಲ್ಲಿ. ಫ್ರೀಡ್ರಿಷ್ ವಿಲ್ಹೆಲ್ಮ್ ಪ್ಲುಂಪೆ ಎಂಬುದು ಮನೆಯಲ್ಲಿಟ್ಟ ಹೆಸರು. ಮುರ್ನಾವ್ ಎಂಬುದು ಬವೇರಿಯದ ಒಂದು ಊರು, ಅವನು ತಾನಾಗಿ ಆರಿಸಿಕೊಂಡದ್ದು. ಬರ್ಲಿನ್ನಿನಲ್ಲಿ ಭಾಷಾಶಾಸ್ತ್ರವನ್ನೂ ಹೈಡೆಲ್‌ಬರ್ಗಿನಲ್ಲಿ ಕಲೆ ಸಾಹಿತ್ಯಗಳನ್ನೂ ಓದಿದನು. ಅಲ್ಲಿಂದ ರಂಗಭೂಮಿಯ ಮಹಾಪುರುಷ ಮಾಕ್ಸ್ ರೈನ್‌ಹಾರ್ಟನ ನಟಶಾಲೆಯನ್ನು ಸೇರಿದನು. ಅಷ್ಟರಲ್ಲಿ ಮಹಾಯುದ್ಧ ಬಂದಿತು. ಅವನ ಜೀವದ ಗೆಳೆಯನಾಗಿದ್ದ ತರುಣ ಕವಿ ಹಾನ್ಸ್ ಎರೆನ್‌ಬೌಮ್ ಡೇಗಲೆ 1915ರಲ್ಲಿ ರಣರಂಗದಲ್ಲಿ ಮಡಿದನು. ಮುರ್ನಾವ್ ಮೊದಲು ಕಾಲಾಳು ಪಡೆಯಲ್ಲಿ, ಬಳಿಕ ವಿಮಾನದಳದಲ್ಲಿ ದುಡಿದು, 1917ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ವಿಮಾನವಿಳಿಸಿ, ಯುದ್ಧ ಮುಗಿಯುವವರೆಗೆ ಅಲ್ಲಿಯೇ ಬಂಧನದಲ್ಲಿದ್ದನು. ಅವನ ಚಿತ್ರಗಳ ಸಾವು ಪುಸ್ತಕದಿಂದ ಬಂದ ಸಾವಲ್ಲವೆಂದು ನನಗನಿಸುವುದು ಈ ಕಾರಣದಿಂದ.

1921ರಲ್ಲಿ ಬರ್ಲಿನ್ನಿನಲ್ಲಿ ಒಂದು ಹೊಸ ಚಿತ್ರಸಂಸ್ಥೆ ಹುಟ್ಟಿತು. ಅದರ ಹೆಸರು ‘ಪ್ರಾಣ’! ನಮ್ಮ ಸಂಸ್ಕೃತದ ಪ್ರಾಣವೇ ಅದು. ಅದರ ಒಡೆಯರಲ್ಲೊಬ್ಬನಾದ ಆಲ್ಬಿನ್ ಗ್ರಾವ್‌ಗೆ ಗೂಢವಿದ್ಯೆಗಳ ಹುಚ್ಚು. ಪ್ರಾಣವೆಂದು ಹೆಸರಿಟ್ಟುಕೊಂಡವರು ಹೆಣವೊಂದು ಎದ್ದು ನೆತ್ತರು ಹೀರುವ ಕಥೆಯನ್ನು ಆರಿಸಿಕೊಂಡದ್ದು ವಿಚಿತ್ರ. ಆ ಒಂದೇ ಚಿತ್ರಕ್ಕೆ ಸಂಸ್ಥೆಯ ಪ್ರಾಣವೂ ಹೋದದ್ದು ಇನ್ನೂ ವಿಚಿತ್ರ. ಬ್ರಾಮ್ ಸ್ಟೋಕರನ 1897ರ ‘ಡ್ರಾಕುಲ’ ಕಾದಂಬರಿಯನ್ನು ಹೆನ್ರಿಕ್ ಗಾಲೀನ್ ಚಿತ್ರಕ್ಕೆ ಅಳವಡಿಸಿದನು. ಹಕ್ಕನ್ನು ಕೊಳ್ಳಲಿಲ್ಲ, ಪಾತ್ರಗಳ ಹೆಸರುಗಳನ್ನು ಮಾತ್ರ ಬದಲಿಸಿದರು. ಅಷ್ಟು ಮಾಡಿಯೂ ಮೂಲಗ್ರಂಥದ ಹೆಸರನ್ನು ಚಿತ್ರದ ಆರಂಭದಲ್ಲಿಯೇ ಹಾಕಿಕೊಂಡರು. ಕಳ್ಳನು ತನ್ನ ವಿಳಾಸವನ್ನು ಬರೆದಿಟ್ಟು ಹೋದಂತೆ!

ಆ ಕಾಲದ ಜರ್ಮನ್ ಚಿತ್ರಗಳು ಬಣ್ಣ ಬಳಿದ ಪರದೆಗಳ ಮುಂದೆ ನಡೆಯುತ್ತಿದ್ದಾಗ, ಮುರ್ನಾವ್ ತನ್ನ ಪಿಶಾಚಿಯನ್ನು ನಿಜವಾದ ಊರುಗಳಿಗೆ ಕರೆದೊಯ್ದನು. ವಿಸ್ಮಾರಿನ ಬೀದಿಗಳು, ಲ್ಯೂಬೆಕ್ಕಿನ ಹಳೆಯ ಉಪ್ಪಿನ ಉಗ್ರಾಣಗಳು, ಸ್ಲೊವಾಕಿಯದ ಒರಾವಾ ಕೋಟೆ, ತಾತ್ರಾ ಪರ್ವತಗಳು: ಇವು ಅವನ ರಂಗಸಜ್ಜಿಕೆ. ಛಾಯಾಗ್ರಾಹಕ ಫ್ರಿಟ್ಸ್ ಆರ್ನೋ ವಾಗ್ನರ್. ಕೌಂಟ್ ಒರ್ಲೋಕ್ ಆದವನು ಮಾಕ್ಸ್ ಶ್ರೆಕ್. ಜರ್ಮನ್ ಭಾಷೆಯಲ್ಲಿ ಶ್ರೆಕ್ ಎಂದರೆ ಭೀತಿ. ಬೋಳುತಲೆ, ಇಲಿಯ ಹಲ್ಲು, ಉಗುರು ನೀಳವಾಗುತ್ತ ಹೋಗುವ ಕೈಗಳು. ಮೆಟ್ಟಿಲೇರುವ ಅವನ ನೆರಳೊಂದನ್ನೇ ತೋರಿಸಿದ ದೃಶ್ಯವನ್ನು ಮರೆಯುವುದು ಸಾಧ್ಯವಿಲ್ಲ.

ಕೆಲವು ವರ್ಷಗಳ ಹಿಂದೆ ದುಂಡಸಿಯ ಅದೇ ಪಡಸಾಲೆಯಲ್ಲಿ, ಮೊಮ್ಮಗನ ಕಂಪ್ಯೂಟರಿನಲ್ಲಿ, ಜೀರ್ಣೋದ್ಧಾರಗೊಂಡ ಪ್ರತಿಯನ್ನು ನೋಡಿದೆ. ರಾತ್ರಿಯ ದೃಶ್ಯಗಳೆಲ್ಲ ನೀಲಿಯಾಗಿದ್ದುವು, ಬೆಳಗಿನ ಜಾವ ನಸುಗೆಂಪು! ಅಂದಿನ ಫಿಲ್ಮಿಗೆ ಇರುಳನ್ನು ಹಿಡಿಯುವ ಶಕ್ತಿಯಿರಲಿಲ್ಲವಾದುದರಿಂದ ಹಗಲಿನಲ್ಲಿ ತೆಗೆದು ಬಣ್ಣ ಕೊಡುತ್ತಿದ್ದರು. ಧಾರವಾಡದಲ್ಲಿ ನಾವು ನಕ್ಕದ್ದು ಬಣ್ಣ ಕಳೆದುಕೊಂಡ ಪ್ರತಿಗೆ, ಮುರ್ನಾವ್‌ನ ಚಿತ್ರಕ್ಕಲ್ಲ. ಆದರೆ ನನ್ನನ್ನು ಅಲುಗಿಸಿದ್ದು ನೀಲಿಯೂ ಅಲ್ಲ. ಪಿಶಾಚಿಯೊಡನೆ ಹಡಗಿನಲ್ಲಿ ಇಲಿಗಳು ಬರುತ್ತವೆ, ಊರಿಗೆ ಪ್ಲೇಗು ಬರುತ್ತದೆ. ಒಬ್ಬನು ಕದಕದಕ್ಕೂ ಗುರುತು ಹಾಕುತ್ತ ಹೋಗುತ್ತಾನೆ. ನಿರ್ಜನವಾದ ಬೀದಿಯಲ್ಲಿ ಶವಪೆಟ್ಟಿಗೆಗಳ ಸಾಲು ಬರುವುದನ್ನು ನಾಯಕಿ ಎಲೆನ್ ಕಿಟಕಿಯಿಂದ ನೋಡುತ್ತಾಳೆ. ಅಜ್ಜಿಯ ಆ ಸಾಧಾರಣ ದನಿ ಕಿವಿಯಲ್ಲಿ ಕೇಳಿಸಿದಂತಾಯಿತು.

ಇಷ್ಟೆಂದು ದೋಷಗಳನ್ನು ಮುಚ್ಚಬೇಕಾಗಿಲ್ಲ. ಪಿಶಾಚಿಯ ಗಾಡಿ ದಡದಡನೆ ಓಡುವುದು ಭಯಕ್ಕಿಂತ ಹಾಸ್ಯವನ್ನೇ ತರುತ್ತದೆ. ನಾಯಕ ಹುಟ್ಟರನ ಅಟ್ಟಹಾಸ ಹಳೆಯ ಕಂಪನಿ ನಾಟಕದ್ದು. ಕೀಟಗಳನ್ನು ನುಂಗುವ ಸಸ್ಯವನ್ನು ತೋರಿಸುವ ಪ್ರಾಧ್ಯಾಪಕನು ಕಥೆಗೆ ಅಂಟಿಕೊಳ್ಳುವುದೇ ಇಲ್ಲ. ಇವೆಲ್ಲ ಕ್ಷಮಾರ್ಹ. ಕೊಕ್ಕಿನಂಥ ಮೂಗಿನ ಪರದೇಶಿಯೊಬ್ಬ ಇಲಿಗಳನ್ನು ಹೊತ್ತು ಬಂದು ಊರನ್ನು ಕೆಡಿಸುತ್ತಾನೆಂಬ ಕಲ್ಪನೆ ಮಾತ್ರ ಬೇರೆ ಜಾತಿಯದು. ಜರ್ಮನಿಯಲ್ಲಿ ಯೆಹೂದ್ಯರನ್ನು ಹಳಿಯಲು ಬಳಸುತ್ತಿದ್ದ ವಿಕಾರಚಿತ್ರಗಳನ್ನು ಅದು ಹೋಲುತ್ತದೆಂದು ಮುಂದಿನ ವಿಮರ್ಶಕರು ತೋರಿಸಿಕೊಟ್ಟರು. ಕಥೆಯನ್ನು ಬರೆದ ಗಾಲೀನನೇ ಯೆಹೂದ್ಯ. ಮುರ್ನಾವ್‌ನ ಮನಸ್ಸಿನಲ್ಲಿ ದ್ವೇಷವಿತ್ತೆಂದು ನಾನು ನಂಬುವುದಿಲ್ಲ. ಆದರೂ ರೋಗಕ್ಕೆ ಪರಸ್ಥಳದವನ ಮುಖ ಕೊಡುವ ಚಟ ಎಲ್ಲ ಊರುಗಳದೂ ಹೌದು, ಮತ್ತು ಈ ಚಿತ್ರ ಅದನ್ನು ಪ್ರಶ್ನಿಸದೆ ಸ್ವೀಕರಿಸಿತು.

1922ರ ಮಾರ್ಚ್ 4ರಂದು ಬರ್ಲಿನ್ನಿನಲ್ಲಿ ಚಿತ್ರ ಪ್ರಥಮ ಪ್ರದರ್ಶನ ಕಂಡಿತು. ಅದೇ ವರ್ಷ ‘ಪ್ರಾಣ’ ದಿವಾಳಿಯೆದ್ದಿತು. ಸ್ಟೋಕರನ ವಿಧವೆ ಫ್ಲಾರೆನ್ಸ್ ಬಿಡದೆ ದಾವೆ ನಡೆಸಿದಳು. 1925ರಲ್ಲಿ ಪ್ರತಿಗಳನ್ನೆಲ್ಲ ನಾಶಮಾಡಬೇಕೆಂದು ನ್ಯಾಯಾಲಯ ವಿಧಿಸಿತು. ನ್ಯಾಯ ಅವಳ ಪಕ್ಷದಲ್ಲಿಯೇ ಇತ್ತೆನ್ನಬೇಕು. ಆದರೆ ಅಷ್ಟರೊಳಗೆ ಕೆಲವು ಪ್ರತಿಗಳು ದೇಶಾಂತರ ಹೋಗಿದ್ದುವು. ನಾವಿಂದು ನೋಡುವುದು ಅವುಗಳ ಸಂತತಿಯನ್ನು.

ಆ ಹೊತ್ತಿಗೆ ಮುರ್ನಾವ್ ಮುಂದೆ ನಡೆದಿದ್ದನು. 1924ರಲ್ಲಿ, ಕೆಲಸದಿಂದ ಇಳಿಸಲ್ಪಟ್ಟ ಮುದಿ ದ್ವಾರಪಾಲಕನೊಬ್ಬನ ಕಥೆಯನ್ನು ಬರಹದ ಫಲಕಗಳ ನೆರವಿಲ್ಲದೆಯೇ ಬಹುಮಟ್ಟಿಗೆ ಹೇಳಿ ಬೆರಗುಗೊಳಿಸಿದನು. 1926ರಲ್ಲಿ ‘ಫೌಸ್ಟ್’, ಆಮೇಲೆ ಹಾಲಿವುಡ್. 1927ರ ‘ಸನ್‌ರೈಸ್’ ಮೊತ್ತಮೊದಲ ಅಕಾಡೆಮಿ ಪ್ರಶಸ್ತಿಗಳಲ್ಲಿ ಮನ್ನಣೆ ಪಡೆಯಿತು. ಮುಂದೆ ದೊಡ್ಡ ಸಂಸ್ಥೆಗಳ ಹಂಗು ಬೇಸರವಾಗಿ ದಕ್ಷಿಣ ಸಾಗರದ ದ್ವೀಪಗಳಿಗೆ ಹೋಗಿ ‘ಟಾಬೂ’ ಚಿತ್ರವನ್ನು ತೆಗೆದನು. ಅದು ತೆರೆ ಕಾಣಲು ಒಂದು ವಾರವಿರುವಾಗ, ಕ್ಯಾಲಿಫೋರ್ನಿಯದ ಸಾಂಟಾ ಬಾರ್ಬರಾದ ಬಳಿ ಕಾರು ಅಪಘಾತವಾಗಿ, 1931ರ ಮಾರ್ಚ್ 11ರಂದು ತೀರಿಕೊಂಡನು. ವಯಸ್ಸು ನಲವತ್ತೆರಡು.

ದೇಹವನ್ನು ಜರ್ಮನಿಗೆ ತಂದು ಬರ್ಲಿನ್ನಿನ ಬಳಿಯ ಸ್ಟಾನ್ಸ್‌ಡಾರ್ಫಿನ ಸ್ಮಶಾನದಲ್ಲಿಟ್ಟರು. 2015ರ ಜುಲೈ ತಿಂಗಳಲ್ಲಿ ಯಾರೋ ಆ ಗೋರಿಯನ್ನು ಒಡೆದು ತಲೆಬುರುಡೆಯನ್ನು ಕದ್ದೊಯ್ದರು. ಪಕ್ಕದಲ್ಲಿ ಮೇಣದ ಹನಿಗಳು ಬಿದ್ದಿದ್ದುವಂತೆ.