ಗುರ್ಲಹೊಸೂರಿನ ಲಕ್ಷ್ಮಣರಾಯರು ಮತ್ತು ನಮ್ಮ ಇಂಟರ್ನ್‌ಷಿಪ್‌ಗಳು

ಎಂಜಿನಿಯರಿಂಗ್ ಕಾಲೇಜಿನ ಅಧ್ಯಾಪಕನಾದ ನನ್ನ ಮೇಜಿನ ಮೇಲೆ ಪ್ರತಿ ವರ್ಷವೂ ಇಂಟರ್ನ್‌ಷಿಪ್ ವರದಿಗಳ ರಾಶಿ ಬೀಳುತ್ತದೆ. ಕೆಲವು ವರ್ಷಗಳ ಹಿಂದೆ ಬೈಲಹೊಂಗಲದ ಕಡೆಯ ಮೆಕ್ಯಾನಿಕಲ್ ವಿದ್ಯಾರ್ಥಿಯೊಬ್ಬ ಅಂಥದ್ದೊಂದು ವರದಿಯನ್ನು ಸಹಿಗಾಗಿ ತಂದ. ರಟ್ಟು ಅಂದವಾಗಿತ್ತು, ಪ್ರಮಾಣಪತ್ರವೂ ಇತ್ತು. ಅದರಲ್ಲಿ ವರ್ಣಿಸಿದ್ದ ಯಂತ್ರದ ಬಗ್ಗೆ ನಾಲ್ಕು ಪ್ರಶ್ನೆ ಕೇಳಿದಾಗ ಅವನು ತಲೆ ತಗ್ಗಿಸಿದ. ಆ ಯಂತ್ರವನ್ನು ಅವನು ಕಂಡೇ ಇರಲಿಲ್ಲ. ಹಣ ಕೊಟ್ಟು ಪ್ರಮಾಣಪತ್ರ ಪಡೆದಿದ್ದ. ರಜೆಯಲ್ಲಿ ಏನು ಮಾಡಿದೆಯೆಂದು ವಿಚಾರಿಸಿದಾಗ, ಸೋದರಮಾವನ ವೆಲ್ಡಿಂಗ್ ಅಂಗಡಿಯಲ್ಲಿ ರೈತರ ಕುಂಟೆ, ಕೂರಿಗೆಗಳನ್ನು ದುರಸ್ತಿ ಮಾಡುತ್ತಿದ್ದೆನೆಂದು ಸಂಕೋಚದಿಂದಲೇ ತಿಳಿಸಿದ. ಅದನ್ನು ಅನುಭವವೆಂದು ಅವನು ಎಣಿಸಿರಲಿಲ್ಲ. ನಮ್ಮ ನಮೂನೆಯಲ್ಲಿಯೂ ಅದಕ್ಕೆ ಜಾಗವಿರಲಿಲ್ಲ. ನಾನು ಆ ಸುಳ್ಳು ವರದಿಗೇ ಸಹಿ ಹಾಕಿದೆ. ಆ ಸಹಿ ಇಂದಿಗೂ ನನ್ನನ್ನು ಕಾಡುತ್ತದೆ. ಅದಕ್ಕೆ ಕಾರಣ, ಆ ಹುಡುಗನ ಸೀಮೆಯಲ್ಲಿಯೇ ಹುಟ್ಟಿದ ಇನ್ನೊಬ್ಬ ವ್ಯಕ್ತಿಯ ಬದುಕು.

ಲಕ್ಷ್ಮಣರಾವ್ ಕಾಶಿನಾಥ ಕಿರ್ಲೋಸ್ಕರ್ ಹುಟ್ಟಿದ್ದು 1869ರ ಜೂನ್ 20ರಂದು, ಸವದತ್ತಿ ಭಾಗದ ಗುರ್ಲಹೊಸೂರಿನಲ್ಲಿ. ಮರಾಠಿ ಸಂಗೀತ ನಾಟಕದ ಪ್ರವರ್ತಕರಾದ ಅಣ್ಣಾಸಾಹೇಬ ಕಿರ್ಲೋಸ್ಕರರದೂ ಇದೇ ಊರು. ಬಾಲಕ ಲಕ್ಷ್ಮಣನಿಗೆ ಶಾಲೆಯ ಪಾಠಕ್ಕಿಂತ ಚಿತ್ರ ಬರೆಯುವುದರಲ್ಲಿ, ಕೈಗೆ ಸಿಕ್ಕ ವಸ್ತುಗಳನ್ನು ಬಿಚ್ಚಿ ಜೋಡಿಸುವುದರಲ್ಲಿ ಹೆಚ್ಚಿನ ಆಸಕ್ತಿ. 1885ರಲ್ಲಿ ಮುಂಬಯಿಯ ಜೆ.ಜೆ. ಕಲಾಶಾಲೆಯನ್ನು ಸೇರಿದರು. ಆದರೆ ಕೆಲವು ಬಣ್ಣಗಳ ನಡುವಿನ ಭೇದ ತಮ್ಮ ಕಣ್ಣಿಗೆ ತಿಳಿಯದೆಂಬ ಸಂಗತಿ ಅಲ್ಲಿ ಹೊರಬಿದ್ದಿತು. ಚಿತ್ರಕಾರನಾಗುವ ಕನಸು ಅಲ್ಲಿಗೆ ಮುಗಿಯಿತು. ಅವರು ಊರಿಗೆ ಮರಳಲಿಲ್ಲ. ಬಣ್ಣದ ಗೊಡವೆಯಿಲ್ಲದ ಯಾಂತ್ರಿಕ ರೇಖಾಚಿತ್ರದ ಕಡೆಗೆ ತಿರುಗಿದರು.

ಆ ವಿದ್ಯೆಯೇ ಅವರಿಗೆ ಮುಂಬಯಿಯ ವಿಕ್ಟೋರಿಯಾ ಜುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಸಹಾಯಕ ಶಿಕ್ಷಕನ ಕೆಲಸ ಕೊಡಿಸಿತು. ಕಲಿಸಬೇಕಾಗಿದ್ದುದು ರೇಖಾಚಿತ್ರ ಮಾತ್ರ. ಆದರೆ ಬಿಡುವಿನ ವೇಳೆಯನ್ನು ಅವರು ಯಂತ್ರಗಳ ನಡುವೆ ಕಳೆದರು. ಕಾಗದದ ಮೇಲೆ ತಾವು ಎಳೆಯುವ ಗೆರೆ ಕಬ್ಬಿಣದಲ್ಲಿ ಹೇಗೆ ಮೂಡುತ್ತದೆಂಬುದನ್ನು ಅರಿತರು. ಎಂಜಿನಿಯರಿಂಗ್ ಪದವಿ ಅವರಿಗಿರಲಿಲ್ಲ. ಇಂದಿನ ಮಾತಿನಲ್ಲಿ ಹೇಳುವುದಾದರೆ ಇದೇ ಅವರ ಇಂಟರ್ನ್‌ಷಿಪ್. ಅದಕ್ಕೆ ಪ್ರಮಾಣಪತ್ರವಿರಲಿಲ್ಲ, ಅಂಕಗಳೂ ಇರಲಿಲ್ಲ.

ಇದೇ ಕಾಲದಲ್ಲಿ ಸೈಕಲ್ ಎಂಬ ಹೊಸ ವಾಹನ ಅವರ ಗಮನ ಸೆಳೆಯಿತು. ಮುಂಬಯಿಯಲ್ಲಿ ಸೈಕಲ್ ಕೊಂಡು ಬೆಳಗಾವಿಯಲ್ಲಿದ್ದ ಅಣ್ಣ ರಾಮುಅಣ್ಣನಿಗೆ ಕಳುಹಿಸುವುದು, ಅಣ್ಣ ಅದನ್ನು ಮಾರಿ ಗಿರಾಕಿಗೆ ಸವಾರಿಯನ್ನೂ ಕಲಿಸುವುದು, ಕೆಟ್ಟರೆ ದುರಸ್ತಿ ಮಾಡಿಕೊಡುವುದು, ಹೀಗೆ 1888ರಲ್ಲಿ ಕಿರ್ಲೋಸ್ಕರ್ ಬ್ರದರ್ಸ್ ಎಂಬ ಹೆಸರಿನ ಅಂಗಡಿ ಆರಂಭವಾಯಿತು. ಬೆಳಗಾವಿಯ ಕಿರ್ಲೋಸ್ಕರ್ ರಸ್ತೆ ಇಂದಿಗೂ ಆ ಹೆಸರನ್ನು ಉಳಿಸಿಕೊಂಡಿದೆ. ಮುಂಬಯಿಯ ನೌಕರಿಯಲ್ಲಿ ತಮಗೆ ಸಲ್ಲಬೇಕಾದ ಬಡ್ತಿ ಆಂಗ್ಲೋ ಇಂಡಿಯನ್ ಒಬ್ಬರ ಪಾಲಾದಾಗ ಲಕ್ಷ್ಮಣರಾಯರು ರಾಜೀನಾಮೆ ನೀಡಿ ಬೆಳಗಾವಿಗೆ ಬಂದರು.

ಅವರು ಮೊದಲು ತಯಾರಿಸಿದ್ದು ಮೇವು ಕತ್ತರಿಸುವ ಯಂತ್ರ. ಬಳಿಕ 1903ರಲ್ಲಿ ಕಬ್ಬಿಣದ ನೇಗಿಲು ಸಿದ್ಧವಾಯಿತು. ಕಬ್ಬಿಣ ತಾಗಿದರೆ ಭೂಮಿಗೆ ವಿಷವೇರುತ್ತದೆಂಬ ಭಯ ರೈತರಲ್ಲಿತ್ತು. ಮೊದಲ ನೇಗಿಲು ಮಾರಾಟವಾಗಲು ಎರಡು ವರ್ಷ ಹಿಡಿಯಿತೆಂದು ಅವರ ಜೀವನವನ್ನು ಬಲ್ಲವರು ಹೇಳುತ್ತಾರೆ. ಆ ಎರಡು ವರ್ಷಗಳು ಯಾವ ಪಠ್ಯಪುಸ್ತಕದಲ್ಲಿಯೂ ಇಲ್ಲದ ಪಾಠವನ್ನು ಕಲಿಸಿರಬೇಕು. ಯಂತ್ರ ಸರಿಯಾಗಿದ್ದರಷ್ಟೇ ಸಾಲದು, ಅದನ್ನು ಬಳಸುವವನ ನಂಬಿಕೆಯನ್ನೂ ಗಳಿಸಬೇಕು. ಎರೆಮಣ್ಣಿನ ಸೀಮೆಯಲ್ಲಿ ಹುಟ್ಟಿದವರಿಗೆ ರೈತನ ಅನುಮಾನವೂ ಒಂದು ತಾಂತ್ರಿಕ ಸಮಸ್ಯೆಯೇ ಎಂಬುದು ಅರ್ಥವಾಗದಿರಲು ಸಾಧ್ಯವಿಲ್ಲ.

ವ್ಯವಹಾರ ನೆಲೆಗೊಳ್ಳುವ ಹೊತ್ತಿಗೆ ಬೆಳಗಾವಿಯಲ್ಲಿ ಕಾರ್ಖಾನೆಯ ಜಾಗ ತೆರವು ಮಾಡಬೇಕಾದ ಪರಿಸ್ಥಿತಿ ಬಂತು. ಆಗ ಕೈಹಿಡಿದವರು ಔಂಧ್ ಸಂಸ್ಥಾನದ ರಾಜರಾದ ಬಾಳಾಸಾಹೇಬ ಪಂತ ಪ್ರತಿನಿಧಿ. ಅವರು ಕೊಟ್ಟ ಭೂಮಿ ಪಾಪಾಸುಕಳ್ಳಿ ಬೆಳೆದ, ಹಾವುಗಳು ತುಂಬಿದ ಬರಡು ನೆಲ. 1910ರಲ್ಲಿ ಕೆಲಸಗಾರರನ್ನೂ ಅವರ ಕುಟುಂಬಗಳನ್ನೂ ಕರೆದುಕೊಂಡು ಹೋಗಿ ಲಕ್ಷ್ಮಣರಾಯರು ಅಲ್ಲಿ ಕಿರ್ಲೋಸ್ಕರವಾಡಿಯನ್ನು ಕಟ್ಟಿದರು. ಅದು ಇಂದು ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯಲ್ಲಿದೆ. ಶಾಲೆಯ ಓದು ಅರ್ಧಕ್ಕೆ ನಿಂತ ಅನಂತರಾವ್ ಫಳಣೀಕರರಂಥವರು ಅಲ್ಲಿ ಕೆಲಸ ಮಾಡುತ್ತಲೇ ಎಂಜಿನಿಯರ್‌ಗಳಾಗಿ ಬೆಳೆದರು. ಸೆರೆವಾಸ ಮುಗಿಸಿ ಬಂದವರಿಗೂ ಕಾವಲಿನ ಹೊಣೆ ಕೊಟ್ಟು ನಂಬಿದ ಊರು ಅದು.

ಲಕ್ಷ್ಮಣರಾಯರು ಪದವಿಯನ್ನು ಕಡೆಗಣಿಸಿದವರಲ್ಲ. ಮಗ ಶಂತನುರಾಯರನ್ನು ಅಮೆರಿಕದ ಮ್ಯಾಸಚೂಸೆಟ್ಸ್ ತಾಂತ್ರಿಕ ಸಂಸ್ಥೆಗೆ ಕಳುಹಿಸಿದರು. ಅವರು 1926ರಲ್ಲಿ ಮೆಕ್ಯಾನಿಕಲ್ ಎಂಜಿನಿಯರ್ ಆಗಿ ಹೊರಬಂದರು. 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್, 1946ರಲ್ಲಿ ಬೆಂಗಳೂರಿನಲ್ಲಿ ಕಿರ್ಲೋಸ್ಕರ್ ಎಲೆಕ್ಟ್ರಿಕ್ ಸ್ಥಾಪನೆಯಾದವು. 1956ರ ಸೆಪ್ಟೆಂಬರ್ 26ರಂದು ಲಕ್ಷ್ಮಣರಾಯರು ತೀರಿಕೊಂಡರು. ಜನ್ಮಶತಮಾನೋತ್ಸವದ ವರ್ಷವಾದ 1969ರಲ್ಲಿ ಅಂಚೆ ಇಲಾಖೆ ಅವರ ಚೀಟಿಯನ್ನು ಹೊರತಂದಿತು.

ಈ ಬದುಕನ್ನು ಇಂದಿನ ವಿದ್ಯಾರ್ಥಿಗಳ ಮುಂದಿಟ್ಟು, ಪದವಿ ಬೇಡ, ಗ್ಯಾರೇಜೇ ಸಾಕು ಎಂದು ಉಪದೇಶಿಸುವುದು ತಪ್ಪಾಗುತ್ತದೆ. ಮುಂಬಯಿಯಲ್ಲಿ ಓದುವ ಅವಕಾಶ, ಜೊತೆಗೆ ನಿಂತ ಅಣ್ಣ, ಆಪತ್ತಿನಲ್ಲಿ ಭೂಮಿ ಕೊಟ್ಟ ರಾಜ, ಇವೆಲ್ಲ ಎಲ್ಲರಿಗೂ ಸಿಗುವಂಥವಲ್ಲ. ಅಂದು ಪದವಿಯಿಲ್ಲದೆ ತೆರೆದ ಬಾಗಿಲುಗಳು ಇಂದು ತೆರೆಯಲಾರವು. ಆದರೂ ಮೊದಲ ಕೆಲಸದಿಂದ ಏನನ್ನು ನಿರೀಕ್ಷಿಸಬೇಕೆಂಬುದನ್ನು ಅವರ ಆರಂಭದ ವರ್ಷಗಳು ತಿಳಿಸುತ್ತವೆ. ಇಂಟರ್ನ್ ಆಗಿ ಹೋದವನಿಗೆ ಮೊದಲ ದಿನವೇ ಯಾರೂ ವಿನ್ಯಾಸದ ಹೊಣೆ ಕೊಡುವುದಿಲ್ಲ. ಅಳತೆ ತೆಗೆಯುವುದು, ದಾಖಲೆ ಬರೆಯುವುದು, ಹಳೆಯ ನಕಾಶೆಯನ್ನು ತಿದ್ದುವುದು, ಗಂಟೆಗಟ್ಟಲೆ ನಿಂತು ನೋಡುವುದು ಅವನ ಪಾಲಿಗೆ ಬರುತ್ತವೆ. ಲೇತ್ ನಡೆಸುವ ಹಿರಿಯ ಕೆಲಸಗಾರನ ಬಳಿ ವಿನಯದಿಂದ ನಿಂತರೆ ಅವನು ಕಲಿಸುತ್ತಾನೆ. ಪದವಿಯ ಗತ್ತು ತೋರಿಸಿದರೆ ಮೌನವಾಗುತ್ತಾನೆ. ತಾನು ಬಯಸಿದ ಕ್ಷೇತ್ರ ತನಗೆ ಒಗ್ಗದೆಂಬುದು ತಿಳಿದುಬಂದರೆ ಅದೂ ಲಾಭವೇ. ಅದು ಲಕ್ಷ್ಮಣರಾಯರಿಗೆ ಕಲಾಶಾಲೆಯಲ್ಲಿಯೇ ತಿಳಿಯಿತು.

ಹೊಣೆ ವಿದ್ಯಾರ್ಥಿಗಳದಷ್ಟೇ ಅಲ್ಲ. ಬೆಳಗಾವಿಯಲ್ಲಿಯೇ ಕೇಂದ್ರ ಕಚೇರಿಯಿರುವ, 1998ರಲ್ಲಿ ಸ್ಥಾಪನೆಯಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಪಠ್ಯಕ್ರಮದಲ್ಲಿ ಇಂಟರ್ನ್‌ಷಿಪ್ ಈಗ ಅಂಕಗಳುಳ್ಳ ಭಾಗವೇ ಆಗಿದೆ. 1961ರ ಅಪ್ರೆಂಟಿಸ್ ಕಾಯ್ದೆಯ ವ್ಯಾಪ್ತಿಗೆ 1973ರ ತಿದ್ದುಪಡಿಯಿಂದ ಎಂಜಿನಿಯರಿಂಗ್ ಪದವೀಧರರೂ ಡಿಪ್ಲೊಮಾ ಪಡೆದವರೂ ಸೇರಿದ್ದಾರೆ. ಅವರಿಗೆ ಶಿಷ್ಯವೇತನವೂ ಉಂಟು. ಕಾಯ್ದೆ, ನಿಯಮಗಳಿಗೆ ಕೊರತೆಯಿಲ್ಲ. ಕಲಿಕೆಗೆ ಒಪ್ಪಿ ಸೇರಿಸಿಕೊಂಡವನನ್ನು ಬಿಟ್ಟಿ ದುಡಿಮೆಗೆ ಬಳಸದ ಉದ್ಯಮಗಳು ಬೇಕು. ವರದಿಯ ದಪ್ಪವನ್ನು ಬಿಟ್ಟು ಹುಡುಗನ ಕೈಯನ್ನು ನೋಡುವ ಅಧ್ಯಾಪಕರೂ ಬೇಕು. ಬೈಲಹೊಂಗಲ, ಕಿತ್ತೂರು, ರಾಮದುರ್ಗದಂಥ ಊರುಗಳ ಮಕ್ಕಳಿಗೆ ಬೆಂಗಳೂರಿನಲ್ಲಿ ತಿಂಗಳುಗಟ್ಟಲೆ ಬಾಡಿಗೆ ಕೊಟ್ಟು ಉಳಿಯುವುದು ಸುಲಭವಲ್ಲ. ಅವರ ಊರಿನ ಕೃಷಿ ಉಪಕರಣಗಳ ಕಾರ್ಯಾಗಾರದ ಕೆಲಸವನ್ನು, ಅಧ್ಯಾಪಕನೇ ಹೋಗಿ ನೋಡಿ ಬಂದ ಮೇಲೆ, ಅನುಭವವೆಂದು ಮಾನ್ಯ ಮಾಡಲು ಕಾಲೇಜುಗಳು ಮುಂದಾಗಬೇಕು.

ನಾನು ಸಹಿ ಹಾಕಿದ ಆ ವರದಿಯನ್ನು ಹಿಂದಕ್ಕೆ ಪಡೆಯಲಾರೆ. ಆದರೆ ಅಂದಿನಿಂದ ಪ್ರತಿಯೊಬ್ಬ ವಿದ್ಯಾರ್ಥಿಗೂ ರಜೆಯಲ್ಲಿ ತನ್ನ ಕೈಯಿಂದ ಏನು ಮಾಡಿದನೆಂದು ಮೊದಲು ಕೇಳುತ್ತೇನೆ. ರಟ್ಟನ್ನು ಆಮೇಲೆ ತೆರೆಯುತ್ತೇನೆ. ಮಾವನ ಅಂಗಡಿಯಲ್ಲಿ ಕುಂಟೆ ರಿಪೇರಿ ಮಾಡಿದ್ದನ್ನು ಹೇಳಿಕೊಳ್ಳಲು ಯಾವ ಹುಡುಗನೂ ನನ್ನ ಮುಂದೆ ಸಂಕೋಚಪಡಬಾರದೆಂಬುದು ನನ್ನ ಆಸೆ.