ಕುಷ್ಠರೋಗಿಗಳ ಬಂಧು ಫಾದರ್ ಡೇಮಿಯನ್



ಹೋದ ತಿಂಗಳು ಆಶಾ ಅಕ್ಕ ಶಾಲೆಗೆ ಬಂದು ನಮ್ಮ ಮೈಮೇಲೆ ಬಿಳಿಚಿದ ಮಚ್ಚೆ ಇದೆಯಾ ಅಂತ ನೋಡಿದ್ದು ನೆನಪಿದೆಯಲ್ಲ? ಮಚ್ಚೆ ಮುಟ್ಟಿದರೆ ಗೊತ್ತಾಗದಿದ್ದರೆ ಅದು ಕುಷ್ಠ ಇರಬಹುದು ಅಂದರು. ನಾವೆಲ್ಲ ನಗ್ತಾ ಇದ್ವಿ. ಆಮೇಲೆ ಮೇಷ್ಟ್ರು ಫಾದರ್ ಡೇಮಿಯನ್ ಅವರ ಕಥೆ ಹೇಳಿದರು. ಅದನ್ನೇ ಬರೆಯುತ್ತಿದ್ದೇನೆ.

ಇವರು 1840ರ ಜನವರಿ 3ರಂದು ಬೆಲ್ಜಿಯಂ ದೇಶದ ಟ್ರೆಮೆಲೊ ಎಂಬ ಹಳ್ಳಿಯಲ್ಲಿ ರೈತರ ಮನೆಯಲ್ಲಿ ಹುಟ್ಟಿದರು. ಮೊದಲ ಹೆಸರು ಜೋಸೆಫ್. ಅಣ್ಣನ ಹಾಗೆ ಇವರೂ ಕ್ರೈಸ್ತ ಸನ್ಯಾಸಿಗಳ ಸಂಘ ಸೇರಿದರು. 1860ರಲ್ಲಿ ದೀಕ್ಷೆ ಕೊಡುವಾಗ ಇವರನ್ನು ನೆಲದ ಮೇಲೆ ಮಲಗಿಸಿ ಶವಕ್ಕೆ ಹೊದಿಸುವ ಬಟ್ಟೆ ಹೊದಿಸಿದರಂತೆ. ಇನ್ನು ಲೋಕದ ಪಾಲಿಗೆ ಸತ್ತ ಹಾಗೆ, ಬದುಕೆಲ್ಲ ಯೇಸುವಿಗೆ ಅಂತ ಅದರ ಅರ್ಥ. ಆಗ ಅವರಿಗೆ ಬರೀ 20 ವರ್ಷ.

ಹವಾಯಿ ದ್ವೀಪಗಳಿಗೆ ಹೋಗಬೇಕಾಗಿದ್ದವರು ಅಣ್ಣ. ಅವರಿಗೆ ಕಾಯಿಲೆ ಬಂದಿದ್ದರಿಂದ ತಮ್ಮನೇ ಹೊರಟರು. 1864ರಲ್ಲಿ ಹಡಗು ಹೊನೊಲುಲು ಮುಟ್ಟಿತು. ಮತ್ತೆ ಅವರು ಊರಿಗೆ ಹೋಗಲೇ ಇಲ್ಲ.

ಆ ಕಾಲದಲ್ಲಿ ಕುಷ್ಠಕ್ಕೆ ಮದ್ದಿರಲಿಲ್ಲ. ಅಲ್ಲಿನ ಸರ್ಕಾರ ರೋಗಿಗಳನ್ನು ಹಿಡಿದು ಮೊಲೊಕಾಯಿ ದ್ವೀಪದ ಒಂದು ಮೂಲೆಗೆ ಸಾಗಿಸುತ್ತಿತ್ತು. ಮೂರು ಕಡೆ ಸಮುದ್ರ, ಒಂದು ಕಡೆ ಗೋಡೆಯಂಥ ಬೆಟ್ಟ. ಹೋದವರು ವಾಪಸ್ ಬರುವಂತಿಲ್ಲ. 1873ರ ಮೇ 10ರಂದು ಡೇಮಿಯನ್ ತಾವಾಗಿಯೇ ಅಲ್ಲಿಗೆ ಹೋದರು. ಮನೆ ಇರಲಿಲ್ಲ, ಮೊದಲು ನಮ್ಮ ಕೇದಗೆ ಜಾತಿಯ ಒಂದು ಮರದ ಕೆಳಗೆ ಮಲಗಿದರು. ಹುಣ್ಣಿನ ವಾಸನೆ ತಡೆಯಲಾರದೆ ಹೊಗೆಸೊಪ್ಪು ಸೇದಲು ಕಲಿತರು. (ಇದು ನನಗೆ ಇಷ್ಟವಾಯಿತು. ವಾಸನೆ ಅವರಿಗೂ ಬರ್ತಿತ್ತು!) ಗಾಯ ತೊಳೆದರು, ಮನೆ ಕಟ್ಟಿದರು, ಕೊಳವೆಯಲ್ಲಿ ನೀರು ತಂದರು, ಸತ್ತವರಿಗೆ ತಾವೇ ಪೆಟ್ಟಿಗೆ ಮಾಡಿ ಗುಂಡಿ ತೋಡಿದರು. ರೋಗಿಗಳ ಜೊತೆ ಒಂದೇ ಪಾತ್ರೆಯಲ್ಲಿ ಉಂಡರು.

ಒಂದು ಸಲ ಅವರ ಹಿರಿಯ ಪಾದ್ರಿ ಹಡಗಿನಲ್ಲಿ ಬಂದರು. ಅವರನ್ನು ಇಳಿಯಲು ಬಿಡಲಿಲ್ಲ, ಇವರನ್ನು ಹತ್ತಲೂ ಬಿಡಲಿಲ್ಲ. ಕ್ರೈಸ್ತರು ತಪ್ಪನ್ನು ಪಾದ್ರಿಯ ಕಿವಿಯಲ್ಲಿ ಗುಟ್ಟಾಗಿ ಹೇಳಿಕೊಳ್ಳುತ್ತಾರೆ. ಡೇಮಿಯನ್ ಸಣ್ಣ ದೋಣಿಯಲ್ಲಿ ನಿಂತು, ಹಡಗಿನವರೆಲ್ಲ ಕೇಳುವಂತೆ, ತಮ್ಮ ತಪ್ಪುಗಳನ್ನು ಕೂಗಿ ಹೇಳಬೇಕಾಯಿತು. ನನಗಾದರೆ ಕ್ಲಾಸಿನಲ್ಲಿ ಎದ್ದು ನಿಂತು ಹೇಳಲೂ ಆಗದು.

1884ರ ಕೊನೆಯಲ್ಲಿ ಒಂದು ದಿನ ಕುದಿನೀರಿಗೆ ಕಾಲಿಟ್ಟರು. ಚರ್ಮ ಬೊಬ್ಬೆ ಬಂತು, ನೋವು ಗೊತ್ತಾಗಲಿಲ್ಲ. ರೋಗ ಅವರಿಗೂ ಹತ್ತಿತ್ತು. ಆದರೂ ಕೆಲಸ ಬಿಡಲಿಲ್ಲ. 1886ರಲ್ಲಿ ಊರಲ್ಲಿ ತಾಯಿ ತೀರಿಕೊಂಡರು. 1889ರ ಏಪ್ರಿಲ್ 15ರಂದು 49ನೇ ವಯಸ್ಸಿನಲ್ಲಿ ಅವರೂ ತೀರಿಕೊಂಡರು. ಸತ್ತ ಮೇಲೂ ಕೊಳಕು ಮನುಷ್ಯ, ಹಟಮಾರಿ ಅಂತ ಒಬ್ಬ ಪಾದ್ರಿಯೇ ಬರೆದರು. ಅದನ್ನು ಕೇಳಿ ನನಗೆ ಸಿಟ್ಟು ಬಂತು.

ಈಗ ಈ ರೋಗಕ್ಕೆ ಸರ್ಕಾರಿ ಆಸ್ಪತ್ರೆಯಲ್ಲಿ ಬಿಟ್ಟಿ ಮಾತ್ರೆ ಇದೆ, ಪೂರ್ತಿ ವಾಸಿಯಾಗುತ್ತೆ. ನಮ್ಮ ಸಂತೆಯಲ್ಲಿ ಕಡಲೆಕಾಯಿ ಮಾರುವ ಬೆರಳು ಮುದುರಿದ ತಾತನಿಗೂ ವಾಸಿಯಾಗಿ ಬಹಳ ವರ್ಷ ಆಯಿತಂತೆ. ನಾನು ಅವರು ಕೊಟ್ಟ ಚಿಲ್ಲರೆಯನ್ನು ಬೋರ್‌ವೆಲ್ ಹತ್ತಿರ ತೊಳೀತಿದ್ದೆ. ತಾತ ಅದನ್ನು ನೋಡಿದ್ದಾರೆ. ಈ ಸಂತೆಗೆ ಹೋದಾಗ ಏನು ಮಾತಾಡಬೇಕು ಅಂತ ಇನ್ನೂ ಯೋಚನೆ ಮಾಡ್ತಾ ಇದ್ದೇನೆ.

ಡೇಮಿಯನ್ ಅವರನ್ನು ಅದೇ ಮರದ ಕೆಳಗೆ ಹೂಳಿದ್ದರು. 1936ರಲ್ಲಿ ದೇಹವನ್ನು ಬೆಲ್ಜಿಯಂಗೆ ಒಯ್ದರು. ದ್ವೀಪದ ಜನ ಅತ್ತರಂತೆ. 1995ರಲ್ಲಿ ಅವರ ಬಲಗೈಯ ಅವಶೇಷವನ್ನು ಮಾತ್ರ ಅವರಿಗೆ ವಾಪಸ್ ಕೊಟ್ಟರು. ಅದು ಈಗ ಹಳೆಯ ಸಮಾಧಿಯಲ್ಲೇ ಇದೆ.

– 7ನೇ ತರಗತಿ